ನೆಲಕ್ಕಿಳಿದ ಚಾವಣಿ

ಯಾರ್ಕ್‌ಶೈರಿನಲ್ಲಿ ನನ್ನ ಗಾರೆ ಕಾಣದ ದೊಡ್ಡಮನೆ ಯಾವುದಾದರೂ ಇದೆ ಎಂದು ಯಾರಾದರೂ ಹೇಳಿದರೆ ಆ ಮನೆ ಬಿದ್ದುಹೋಗಿದೆ ಎಂದೇ ತಿಳಿಯಿರಿ. ಈ ಜೇಬೆಜ್ ಕ್ಲೆಗ್ ಮಾಡಿದ ಚಾವಣಿಗಳನ್ನೆಲ್ಲ ಕಳಚಿ ಬಯಲಿನಲ್ಲಿ ಒಂದರ ಪಕ್ಕ ಒಂದು ಹಾಸಿದರೆ, ಬೆಳಿಗ್ಗೆ ಹೊರಟ ಕುರಿ ಸಂಜೆಯವರೆಗೆ ನಡೆದರೂ ಒಂದು ಎಸಳು ಹುಲ್ಲು ಸಿಗದೆ ಸಾಯಬೇಕು. ಉತ್ಪ್ರೇಕ್ಷೆ ನನಗೆ ಆಗದು. ಆದ್ದರಿಂದ ಸಂಜೆ ಎಂದೆ. ನಿಜವಾಗಿ ಎರಡು ದಿನ ಹಿಡಿಯುತ್ತದೆ.

ಇಷ್ಟೊಂದು ಹೇಗೆ ಸಾಧ್ಯ ಎಂದು ಕೇಳಬೇಡಿ. ಈಗಿನ ಚಾವಣಿಗಳಿಗೆ ಬೇಕಾದುದು ಕೈ ಅಲ್ಲ, ಅಚ್ಚು. ಕಲಶಕ್ಕೊಂದು ಅಚ್ಚು, ಬೀಸಣಿಗೆಗೊಂದು ಅಚ್ಚು, ಹೆಣ್ಣು ಮುಖದ ಸಿಂಹಕ್ಕೊಂದು ಅಚ್ಚು. ಗಟ್ಟಿ ಮರದಲ್ಲಿ ಕೆತ್ತಿದ ಅಚ್ಚಿಗೆ ಗಾರೆಯನ್ನು ಒತ್ತು, ಬಿಡಿಸು, ಮೇಲೆ ಅಂಟಿಸು. ಊಟಕ್ಕೆ ಮುಂಚೆ ಮುನ್ನೂರು ಸಿಂಹ ಹುಟ್ಟಿಸಿದ್ದೇನೆ. ಕಾಡಿಗೂ ಆ ವೇಗವಿಲ್ಲ. ಇವೆಲ್ಲ ರೋಮಿನಲ್ಲಿ ಮಣ್ಣಿನಡಿ ಹೂತುಹೋದ ಮನೆಗಳ ಗೋಡೆಯ ಮೇಲಿದ್ದವಂತೆ. ಅಗೆದವರು ನೋಡಿ ಸುಮ್ಮನೆ ಮುಚ್ಚಿಬಿಡಬಹುದಿತ್ತು. ಅದರ ಬದಲು ಕಾಗದಕ್ಕಿಳಿಸಿ, ಇಂಗ್ಲೆಂಡಿಗೆ ಹೊತ್ತು ತಂದು, ದೊಡ್ಡವರ ತಲೆಯ ಮೇಲೆ ಹಾಕಿದರು. ಎಲ್ಲವೂ ತೆಳು, ಎಲ್ಲವೂ ಚಪ್ಪಟೆ, ಎಡಕ್ಕೆ ಒಂದಿದ್ದರೆ ಬಲಕ್ಕೂ ಒಂದು. ಒಂದು ಮೂಲೆ ನೋಡಿದರೆ ಸಾಕು, ಉಳಿದ ಮೂರು ಮೂಲೆ ನೋಡುವ ಶ್ರಮ ಉಳಿಯಿತು.

ನನ್ನ ಮಾವ ಏಮಸ್ ಥ್ಯಾಕ್ರೆ ಈ ಪೈಕಿಯಲ್ಲ. ಅವನು ಸಾರುವೆ ಹತ್ತಿ, ಹಸಿ ಗಾರೆಯನ್ನು ಬೊಗಸೆಯಲ್ಲಿ ಮೇಲಕ್ಕೆ ಮೆತ್ತಿ, ಅದು ಗಟ್ಟಿಯಾಗುವಷ್ಟರಲ್ಲಿ ಬೆರಳಿನಿಂದಲೇ ಹಕ್ಕಿ ಮಾಡುತ್ತಿದ್ದ. ನಲವತ್ತು ವರ್ಷದ ಹಿಂದೆ ಸ್ಕೆಲ್ವಿಕ್ ಹಾಲ್ ಎಂಬ ಬಂಗಲೆಯ ದೊಡ್ಡ ಕೋಣೆಗೆ ಅವನು ಮಾಡಿದ ಚಾವಣಿಯಲ್ಲಿ ದ್ರಾಕ್ಷಿ ಗೊಂಚಲು, ಒಡೆದ ದಾಳಿಂಬೆ, ಮೋಡಕ್ಕೆ ನೇತುಬಿದ್ದ ಗುಂಡು ಮಕ್ಕಳು, ಸಾಲದ್ದಕ್ಕೆ ಒಂದು ಕೊಕ್ಕರೆ. ಆ ಕೊಕ್ಕರೆ ಚಾವಣಿಯಿಂದ ಒಂದು ಮೊಳ ಹೊರಗೆ ಕತ್ತು ಚಾಚಿತ್ತು. ಅದಕ್ಕೆ ಹೆದರಿ ಆ ಮನೆಯ ಬೆಕ್ಕು ಪಕ್ಕದ ಜಿಲ್ಲೆಗೆ ಓಡಿಹೋಯಿತು ಎಂಬುದನ್ನು ನಾನೇ ಕಣ್ಣಾರೆ ಕಂಡವರಿಂದ ಕೇಳಿದ್ದೇನೆ.

ಮಾವ ತನ್ನ ಜೀವಮಾನದಲ್ಲಿ ಮಾಡಿದ್ದು ಹನ್ನೆರಡು ಚಾವಣಿ. ಮೂರು ಬೆಂಕಿಗೆ ಹೋದವು, ಎಂಟು ಫ್ಯಾಷನ್ನಿಗೆ. ಆ ಎಂಟರಲ್ಲಿ ಎರಡನ್ನು ಕೆಡವಿದ ಕೀರ್ತಿ ಅಳಿಯನದೇ. ಏಮಸ್ ಥ್ಯಾಕ್ರೆ ಎಂಬೊಬ್ಬ ಭೂಮಿಯ ಮೇಲೆ ಕೆಲಸ ಮಾಡಿದ್ದ ಎಂಬುದಕ್ಕೆ ಉಳಿದದ್ದು ಸ್ಕೆಲ್ವಿಕ್ ಹಾಲಿನದೊಂದೇ. ಆ ವರ್ಷ ಅದನ್ನೂ ಕೆಡವಬೇಕೆಂದು ಅಪ್ಪಣೆಯಾಯಿತು.

ಅಪ್ಪಣೆ ಮಾಡಿದವರು ಮಿಸ್ಟರ್ ಫೇರ್‌ಬ್ರೇಸ್, ಮನೆಯ ನಕ್ಷೆ ಬರೆಯುವ ದೊಡ್ಡಮನುಷ್ಯರು. ರೋಮಿನಲ್ಲಿ ನಾಲ್ಕು ವರ್ಷ ಇದ್ದರು. ಬಂದು ಹದಿನಾಲ್ಕು ವರ್ಷವಾದರೂ ಬಾಯಿ ಅಲ್ಲೇ ಉಳಿದಿತ್ತು. ಮಳೆ ಬಂದರೆ ರೋಮಿನ ಮಳೆ, ಬೆನ್ನು ತುರಿಸಿದರೆ ರೋಮಿನ ಸೊಳ್ಳೆ. ಸ್ಕೆಲ್ವಿಕ್ ಹಾಲಿನ ಯಜಮಾನ ಸರ್ ಮಾರ್ಮಡ್ಯೂಕ್ ಥಾರ್ನ್‌ಬಿ ಮತ್ತು ಲೇಡಿ ಥಾರ್ನ್‌ಬಿಯವರ ಎದುರು ಅವರು ಮಾವನ ಚಾವಣಿಯನ್ನು ಅರೆ ಕಣ್ಣಿನಿಂದ ನೋಡಿ ಹೇಳಿದರು: “ಅಯ್ಯೋ ದೇವರೆ, ಇದು ಚಾವಣಿಯಲ್ಲ, ಮಿಠಾಯಿ ಅಂಗಡಿ. ಕೆಡವಿಸಿ.”

ಸರ್ ಮಾರ್ಮಡ್ಯೂಕ್ ಒಳ್ಳೆಯವರು. ನಾಯಿ, ಕುದುರೆ, ಮಾಂಸದ ಕಡುಬು ಬಿಟ್ಟರೆ ಉಳಿದ ವಿಷಯದಲ್ಲಿ ಅವರಿಗೆ ಅಭಿಪ್ರಾಯವೇ ಇರಲಿಲ್ಲ. ಹೆಂಡತಿಯ ಮುಖ ನೋಡಿದರು. ಆಕೆ ಹೂಂ ಎಂದರು. ಕೆಡವುವ ಕೆಲಸ ನನಗೆ ಬಂತು.

ಆ ದಿನ ಮನೆಗೆ ಹೋದರೆ ಸುದ್ದಿ ನನಗಿಂತ ಮೊದಲೇ ಹೋಗಿ ಒಲೆಯ ಮುಂದೆ ಕೂತಿತ್ತು. ನನ್ನ ಹೆಂಡತಿ ಹೆಪ್ಸಿಬಾ ಸೌಟು ಹಿಡಿದು ನಿಂತಿದ್ದಳು.

“ರೀ, ನಮ್ಮಪ್ಪನ ಚಾವಣಿಗೆ ಸುತ್ತಿಗೆ ಹಾಕ್ತೀರಂತೆ?”

“ನಾನೆಲ್ಲಿ ಹಾಕ್ತೀನಿ ಮಾರಾಯ್ತಿ, ಫ್ಯಾಷನ್ ಹಾಕ್ತಿದೆ.”

“ಹಾಗಾದ್ರೆ ಇವತ್ತಿಂದ ಫ್ಯಾಷನ್ನೇ ನಿಮ್ಗೆ ಗಂಜಿ ಕಾಸಿ ಹಾಕ್ಲಿ.”

ಮಾವ ಓಟ್ಸ್ ರೊಟ್ಟಿ ಮುರಿಯುತ್ತ ಕೂತಿದ್ದ. ತಲೆ ಎತ್ತಲಿಲ್ಲ. “ಬಿಡೇ ಹೆಪ್ಸಿ, ಬೈಬೇಡ. ಕೆಡವೋದಾದ್ರೂ ಕೈಯಲ್ಲಿ ಮಾಡ್ತಾನಲ್ಲ, ಅದಕ್ಕೆ ಅಚ್ಚು ಬೇಡವಲ್ಲ.”

“ಮಾವಾ, ನಾನು ಬೇಡ ಅಂದ್ರೆ ಇನ್ನೊಬ್ಬನ್ನ ಕರೀತಾರೆ…”

“ನಾನೆಲ್ಲಿ ಬೇಡ ಅನ್ನು ಅಂದೆ? ಯಾವತ್ತು ಅಂತ ಮಾತ್ರ ಹೇಳು, ಅಳಿಯ. ಕೆಳಗೆ ಕುರ್ಚಿ ಹಾಕ್ಕೊಂಡು ನೋಡ್ತೀನಿ. ಮೇಲೆ ಹೋಗೋವಾಗ ನೋಡಿದ್ದೆ, ಕೆಳಗೆ ಬರೋವಾಗ್ಲೂ ನೋಡ್ಬೇಕಲ್ಲ.”

ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದ. ಏಮಸ್ ಥ್ಯಾಕ್ರೆ ರೊಟ್ಟಿ ಬಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವನು ಅತ್ತೆಯ ಮಣ್ಣು ಮುಗಿಸಿ ಬಂದ ದಿನವೂ ನಾಲ್ಕು ತಿಂದಿದ್ದ.

ನನ್ನ ಬುದ್ಧಿ ಓಡತೊಡಗಿತು. ಅದು ಓಡತೊಡಗಿದರೆ ಅಂಚೆಯ ಕುದುರೆಗಳು ನಿಂತು ದಾರಿ ಬಿಡುತ್ತವೆ.

ಫೇರ್‌ಬ್ರೇಸ್ ಪೈಕಿಯವರ ಮನೆಗಳಲ್ಲಿ ಒಂದು ಕಟ್ಟಳೆ ಉಂಟು. ಚಾವಣಿ ಹೇಗೋ ಕೆಳಗಿನ ರತ್ನಗಂಬಳಿಯೂ ಹಾಗೇ ಇರಬೇಕು. ಮೇಲೆ ನಡುವೆ ಒಂದು ವೃತ್ತವಿದ್ದರೆ ಗಂಬಳಿಯ ನಡುವೆಯೂ ವೃತ್ತ, ಮೇಲಿನ ಮೂಲೆಯಲ್ಲಿ ಬೀಸಣಿಗೆಯಿದ್ದರೆ ಕೆಳಗಿನ ಮೂಲೆಯಲ್ಲೂ ಬೀಸಣಿಗೆ. ಅತಿಥಿಗಳು ಎರಡು ಬ್ರೆಡ್ಡಿನ ಚೂರುಗಳ ನಡುವಿನ ಹಂದಿಮಾಂಸದಂತೆ ಮಧ್ಯದಲ್ಲಿ ನಿಂತು ಆಹಾ ಎನ್ನಬೇಕು. ಇದಕ್ಕಾಗಿ ಚಾವಣಿಯ ಚಿತ್ರವನ್ನೇ ದಕ್ಷಿಣದ ನೇಕಾರರಿಗೆ ಕಳಿಸುತ್ತಾರೆ. ಅವರು ಅದನ್ನು ನೋಡಿ ಗಂಬಳಿ ನೇಯುತ್ತಾರೆ. ಹತ್ತು ತಿಂಗಳು ಹಿಡಿಯುತ್ತದೆ. ಚಾವಣಿ ಬದಲಾಯಿಸುವುದು ಮೂರು ತಿಂಗಳ ಮಾತು. ಅಷ್ಟಗಲದ ಗಂಬಳಿಯನ್ನು ಇನ್ನೊಮ್ಮೆ ನೇಯಿಸುವುದು ಮೊಮ್ಮಕ್ಕಳ ಕಾಲದ ಮಾತು.

ಕೋಣೆಯ ಅಳತೆಗೆಂದು ಹಳೆಯ ಚಾವಣಿಯ ಚಿತ್ರವೊಂದನ್ನು ಬರೆದುಕೊಡಲು ಫೇರ್‌ಬ್ರೇಸ್ ನನಗೇ ಹೇಳಿದ್ದರು. ಬರೆದೆ. ಅದರ ದ್ರಾಕ್ಷಿಯ ಮೇಲೆ ಮೂರು ನೊಣ ಕೂತು ಹಲ್ಲು ಮುರಿದುಕೊಂಡವು. ಬರೆದ ಮೇಲೆ, ಅವರ ಚಿತ್ರಗಳಂತೆಯೇ ಕಾಣಲಿ ಎಂದು ಬಟಾಣಿ ಹಸಿರಿನ ನೆಲವನ್ನೂ ಒಂದಿಷ್ಟು ಗುಲಾಬಿಯನ್ನೂ ಬಳಿದೆ.

ಚಿತ್ರಗಳು ಹೊರಡುವ ಮುಂಚೆ ಪ್ರತಿಯೊಂದರ ಕೆಳಮೂಲೆಯಲ್ಲಿ ಫೇರ್‌ಬ್ರೇಸ್ ರುಜು ಹಾಕಬೇಕು. ಆ ಬೆಳಿಗ್ಗೆ ಅವರು ಲೇಡಿ ಥಾರ್ನ್‌ಬಿಯವರಿಗೆ ರೋಮಿನ ಸೂರ್ಯಾಸ್ತದ ವರ್ಣನೆ ಮಾಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು, ಸುರುಳಿಗಳ ಕೆಳಮೂಲೆಯನ್ನಷ್ಟೇ ಬಿಚ್ಚಿ, ಒಂದೊಂದಾಗಿ ಮುಂದೆ ಹಿಡಿದೆ.

“ಸ್ವಾಮಿ, ಬಾಗಿಲಿಂದು.”

“ಸೂರ್ಯ ಆ ಗೋಪುರದ ಹಿಂದೆ, ಅಮ್ಮಾವ್ರೇ, ಕರಗಿದ ಬೆಣ್ಣೆ ಹಾಗೆ…” ರುಜು.

“ಇದು ಬೆಂಕಿಗೂಡಿಂದು, ಸ್ವಾಮಿ.”

“ಒಬ್ಬ ಕುರುಬ ಕೊಳಲೂದ್ತಿದ್ದ…” ರುಜು.

“ಇದು ನೇಕಾರರಿಗೆ, ಸ್ವಾಮಿ.”

“ನನ್ನ ಕಣ್ಣಲ್ಲಿ ನೀರು ಬಂತು ಅಂದ್ರೆ ನೀವು ನಂಬಲ್ಲ…” ರುಜು, ಅದರ ಮೇಲೆ “ಇದೇ ಪ್ರಕಾರ, ಕೂದಲೆಳೆಯಷ್ಟೂ ಬದಲಿಸದೆ” ಎಂಬ ಒಕ್ಕಣೆ.

ನನ್ನ ಚಿತ್ರ ಆ ಮಧ್ಯಾಹ್ನವೇ ಗಾಡಿ ಹತ್ತಿತು. ಅವರ ಚಿತ್ರ ನನ್ನ ಸುಣ್ಣದ ಪೀಪಾಯಿಯ ಹಿಂದೆ ಹತ್ತು ತಿಂಗಳ ವಿಶ್ರಾಂತಿಗೆ ಹೋಯಿತು.

ಈಗ ಉಳಿದದ್ದು ಒಂದೇ: ಗಂಬಳಿ ಬರುವವರೆಗೆ ಸುತ್ತಿಗೆ ಏಳಬಾರದು. ಗಂಬಳಿಗೆ ಮುಂಚೆ ಚಾವಣಿ ಬಿದ್ದರೆ ನನ್ನ ಉಪಾಯವೂ ಬಿತ್ತು, ಮಾವನ ಹನ್ನೆರಡನೆಯದೂ ಬಿತ್ತು. ಆಗ ನಾನು ಕೊಟ್ಟ ನೆಪಗಳನ್ನು ಕೇಳಿದ್ದರೆ ಲಂಡನ್ನಿನ ವಕೀಲರು ನನ್ನ ಕಾಲ ಬಳಿ ಕೂತು ಬರೆದುಕೊಳ್ಳುತ್ತಿದ್ದರು. ಮೊದಲು, ಹೊಸ ಗಾರೆಗೆ ಸುಣ್ಣ ಇನ್ನೂ ಹದವಾಗಿಲ್ಲ ಎಂದೆ. ಆಮೇಲೆ ಹಿಮ ಬಂತು. ಹಿಮದಲ್ಲಿ ಗಾರೆ ಹಿಡಿಯುವುದಿಲ್ಲ, ಇದು ನಿಜವೇ, ಆದ್ದರಿಂದ ಹೇಳುವಾಗ ಸ್ವಲ್ಪ ನಾಚಿಕೆಯಾಯಿತು. ಹಿಮ ಕರಗಿದ ಮೇಲೆ ಗಾರೆಗೆ ಬೆರೆಸುವ ಹಸುವಿನ ಕೂದಲಿನ ಸರದಿ.

“ಕೂದಲಿಗೇನಾಯ್ತೋ ಈಗ?” ಸರ್ ಮಾರ್ಮಡ್ಯೂಕ್ ಕೇಳಿದರು.

“ಈ ವರ್ಷ ಹಸುಗಳ ಕೂದಲು ಬಹಳ ನಯ, ಧಣಿ. ಜಾರುತ್ತೆ. ಕಳೆದ ತಿಂಗಳು ಪಕ್ಕದೂರಲ್ಲಿ ಒಂದು ಚಾವಣಿ ಪಾದ್ರಿ ತಟ್ಟೆಗೇ ಜಾರಿ ಬಿತ್ತು.”

“ತಟ್ಟೆಯಲ್ಲಿ ಏನಿತ್ತು?”

“ಕಡುಬು, ಧಣಿ.”

“ಛೆ, ಪಾಪ!” ಎಂದು ಅವರು ನಿಜವಾಗಿ ನೊಂದರು. ಕೆಲಸ ಒಂದು ತಿಂಗಳು ಮುಂದಕ್ಕೆ ಹೋಯಿತು.

ಆದರೆ ಮೇ ತಿಂಗಳಲ್ಲಿ ಫೇರ್‌ಬ್ರೇಸ್ ತಾವೇ ಬಂದಿಳಿದರು. ಚಾವಣಿಯ ಕೊಕ್ಕರೆಯನ್ನು ನೋಡಿದರು, ನನ್ನನ್ನು ನೋಡಿದರು, ಯಾರ ಕತ್ತು ಮೊದಲು ಎಂದು ಯೋಚಿಸಿದಂತೆ ಕಂಡಿತು.

“ಕ್ಲೆಗ್, ಸೋಮವಾರ ಸಾರುವೆ ಕಟ್ಟು. ಕಟ್ಟಿದ ಕೂಡ್ಲೆ ಸುತ್ತಿಗೆ. ಇನ್ನೊಂದು ಹಸುವಿನ ಕತೆ ಕೇಳಿದ್ರೆ ನಿನ್ನ ಕೂದಲನ್ನೇ ಗಾರೆಗೆ ಬೆರೆಸ್ತೀನಿ.”

ಗಂಬಳಿ ಶುಕ್ರವಾರ ತಲುಪುತ್ತದೆ ಎಂದು ನೇಕಾರರ ಕಾಗದ ಬಂದಿತ್ತು. ಒಂದು ದಿನದಲ್ಲಿ ಕಟ್ಟುವ ಸಾರುವೆಯನ್ನು ನಾಲ್ಕು ದಿನ ಕಟ್ಟಿದೆ. ಹಗ್ಗದ ಗಂಟುಗಳನ್ನು ಹಾಕಿದೆ, ಬಿಚ್ಚಿದೆ, ಮೆಚ್ಚಿದೆ, ಮತ್ತೆ ಹಾಕಿದೆ. ಶುಕ್ರವಾರ ಬೆಳಿಗ್ಗೆ ಕಟ್ಟಲು ಒಂದು ಗಂಟೂ ಉಳಿದಿರಲಿಲ್ಲ. ದಾರಿಯಲ್ಲಿ ಗಾಡಿಯ ಸುಳಿವಿರಲಿಲ್ಲ. ಕೆಳಗೆ ಕೈ ಕಟ್ಟಿ ಫೇರ್‌ಬ್ರೇಸ್ ನಿಂತಿದ್ದರು. ಬಾಗಿಲ ಬಳಿ ಕುರ್ಚಿಯಲ್ಲಿ, ಭಾನುವಾರದ ಕೋಟು ತೊಟ್ಟು ಮಾವ ಕೂತಿದ್ದ. ಅವನಿಗೆ ಉಪಾಯದ ವಿಷಯ ನಾನು ಹೇಳಿರಲಿಲ್ಲ. ಫಲಿಸದಿದ್ದರೆ ಅವನಿಗೆ ಎರಡು ಸಲ ಸಾವು.

“ಏನಪ್ಪಾ ಅಳಿಯ,” ಮಾವ ಕೂಗಿದ, “ಅಲ್ಲೇ ಮನೆ ಮಾಡ್ಕೊಂಡ್ಯಾ? ಹೆಂಡತಿ ಮಕ್ಕಳ್ನ ಮೇಲಕ್ಕೆ ಕಳಿಸ್ಲಾ?”

ಸುತ್ತಿಗೆ ಎತ್ತಿದೆ. ಯಾವುದು ಅತಿ ಕಡಿಮೆ ನಷ್ಟ ಎಂದು ಇಡೀ ಚಾವಣಿ ಹುಡುಕಿದೆ. ಕೊಕ್ಕರೆ ಆಗದು, ಮಕ್ಕಳು ಆಗದು. ಕೊನೆಗೆ ಮೂಲೆಯ ಒಂದು ದಾಳಿಂಬೆಗೆ, ನೊಣಕ್ಕೆ ಹೊಡೆದಂತೆ ಹೊಡೆದೆ. ಅದು ಇಡಿಯಾಗಿ, ಹಿಂದಿನ ಎಲೆಯ ಸಮೇತ ಕಳಚಿ ಕೆಳಗೆ ಬಿದ್ದು ಪುಡಿಯಾಯಿತು. ನಾನು ಎಷ್ಟೋ ಚಾವಣಿ ಕೆಡವಿದ್ದೇನೆ; ಆ ಸದ್ದು ಬೇರೆ. ಮಾವ ಎದ್ದು ಬಂದು ದೊಡ್ಡ ಚೂರುಗಳನ್ನು ಆರಿಸಿ ಕೋಟಿನ ಜೇಬಿಗೆ ಹಾಕಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತ. ಒಂದು ಬೈಗುಳವಾದರೂ ಬರಲಿ ಎಂದು ನಾನು ಕಾದೆ.

ಅಷ್ಟರಲ್ಲಿ ಗಾಡಿ ಬಂತು ಎಂದು ಹೇಳುತ್ತೇನೆಂದು ನೀವು ಕಾದಿರುತ್ತೀರಿ. ಬರಲಿಲ್ಲ. ಮೂರು ಗಂಟೆ ಬರಲಿಲ್ಲ. ಆ ಮೂರು ಗಂಟೆಯಲ್ಲಿ ನನ್ನ ಸುತ್ತಿಗೆಯ ಹಿಡಿ ಸಡಿಲವಾಯಿತು, ಇನ್ನೊಂದು ಸುತ್ತಿಗೆ ಕಳೆದುಹೋಯಿತು, ಮೂರನೆಯದನ್ನು ತರಲು ಹೋದವನು ನಾನೇ ಆದ್ದರಿಂದ ತಡವಾಯಿತು, ಬಂದ ಮೇಲೆ ಹೊಟ್ಟೆನೋವು ಬಂತು. ನಾನು ಸಾರುವೆಯ ಮೇಲೆ ಹೊರಳಾಡಿದ ಚಂದಕ್ಕೆ ಅಡುಗೆಯಾಳು ಅತ್ತುಬಿಟ್ಟಳು. ಫೇರ್‌ಬ್ರೇಸ್ ತಾವೇ ಸುತ್ತಿಗೆ ಹಿಡಿಯಲು ಬಂದು, ಏಣಿಯ ಎರಡನೆ ಮೆಟ್ಟಿಲು ಹತ್ತಿ, ತಲೆ ತಿರುಗಿ, ಇದು ತಮ್ಮ ಅಂತಸ್ತಿಗೆ ತಕ್ಕ ಕೆಲಸವಲ್ಲ ಎಂದು ಇಳಿದರು.

ಮೂರು ಗಂಟೆಯ ಮೇಲೆ ಆರು ಜನ ಗಂಬಳಿಯ ಸುರುಳಿ ಹೊತ್ತು ಒಳಗೆ ಬಂದರು. ಹದಿನಾರು ಜನ ಎಂದೇ ಇಟ್ಟುಕೊಳ್ಳಿ. ಸರ್ ಮಾರ್ಮಡ್ಯೂಕ್, ಲೇಡಿ ಥಾರ್ನ್‌ಬಿ, ಎರಡು ನಾಯಿ, ಎಲ್ಲರೂ ನೋಡಲು ನೆರೆದರು. ಹೊಸ ಚಾವಣಿ ಬರುವವರೆಗೆ ಸುತ್ತಿಯೇ ಇಡಿ ಎಂದು ಫೇರ್‌ಬ್ರೇಸ್ ಹೇಳುತ್ತಲೇ ಇದ್ದರು. ಹೊಸ ವಸ್ತು ಕಂಡ ಹೆಂಗಸಿಗೆ ಆ ಮಾತು ಕೇಳಿಸುತ್ತದೆಯೆ? ಬಿಚ್ಚಿಸಿಯೇ ಬಿಟ್ಟರು.

ಬಟಾಣಿ ಹಸಿರಿನ ಮೇಲೆ ದ್ರಾಕ್ಷಿ ಬಿಚ್ಚಿಕೊಂಡಿತು. ಗುಂಡು ಮಕ್ಕಳು ಉರುಳಿ ಬಂದರು. ಕೊನೆಗೆ ಕೊಕ್ಕರೆ ಕತ್ತು ಚಾಚಿತು.

ಲೇಡಿ ಥಾರ್ನ್‌ಬಿ ಕೆಳಗೆ ನೋಡಿದರು. ಮೇಲೆ ನೋಡಿದರು. ಮತ್ತೆ ಕೆಳಗೆ. ನಾಯಿಯೊಂದು ಕೊಕ್ಕರೆಯನ್ನು ಮೂಸಿ ಗುರ್ ಎಂದಿತು.

“ಅರೆ, ಅದೇ!” ಎಂದರು ಸರ್ ಮಾರ್ಮಡ್ಯೂಕ್. ಚಾವಣಿಯನ್ನು ಅವರು ನೋಡಿದ್ದು ಬಹುಶಃ ಅದೇ ಮೊದಲು.

“ಮಿಸ್ಟರ್ ಫೇರ್‌ಬ್ರೇಸ್, ಇದೇನಿದು?” ಲೇಡಿಯವರ ದನಿ ತಣ್ಣಗಿತ್ತು.

ಫೇರ್‌ಬ್ರೇಸರ ಮುಖ ಗಂಬಳಿಯ ಬಣ್ಣಕ್ಕೆ ಸರಿಯಾಗಿ ಹೊಂದಿತು. “ಮೋಸ! ನೇಕಾರರು ತಲೆ ಕೆಟ್ಟವರು! ನಾನು ಯಾವತ್ತೂ ಇಂಥದನ್ನ…”

ನಾನು ಸಾರುವೆಯಿಂದಿಳಿದು, ಗಂಬಳಿಯ ಜೊತೆ ನೇಕಾರರು ವಾಪಸು ಕಳಿಸಿದ್ದ ಚಿತ್ರವನ್ನು ಬಹಳ ವಿನಯದಿಂದ ಬಿಚ್ಚಿ ಹಿಡಿದೆ. “ಸ್ವಾಮಿ, ಇದು ತಮ್ಮ ಅಕ್ಷರ ಅಲ್ವಾ? ನನಗೆ ಓದಕ್ಕೆ ಅಷ್ಟು ಬರಲ್ಲ. ‘ಕೂದಲೆಳೆಯಷ್ಟೂ ಬದಲಿಸದೆ’ ಅಂತಿರೋ ಹಾಗಿದೆ.”

ಅವರು ರುಜು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಎಲ್ಲವೂ ತಿಳಿಯಿತು, ದಡ್ಡರೇನಲ್ಲ. ಅವರ ಮುಂದೆ ಎರಡು ದಾರಿಯಿದ್ದವು. ನೋಡದೆ ರುಜು ಹಾಕಿದೆ ಎಂದು ಒಪ್ಪಬಹುದು. ಹಾಗೆ ಒಪ್ಪಿದವನನ್ನು ಇಂಗ್ಲೆಂಡಿನಲ್ಲಿ ಯಾವ ಲೇಡಿಯೂ ಕೋಳಿಗೂಡು ಕಟ್ಟಲೂ ಕರೆಯುವುದಿಲ್ಲ. ಇಲ್ಲವೇ…

“ನಿಜ ಹೇಳ್ಬೇಕಂದ್ರೆ, ಅಮ್ಮಾವ್ರೇ,” ಎಂದರು ಫೇರ್‌ಬ್ರೇಸ್, ಕೆಮ್ಮಿ, “ನಿಮ್ಗೆ ಆಶ್ಚರ್ಯ ಆಗ್ಲಿ ಅಂತ ಬಚ್ಚಿಟ್ಟಿದ್ದೆ. ರೋಮಿನ ಹೊರಗೆ, ಭೂಮಿಯಡಿ ಒಂದು ಮನೆ. ಪಂಜು ಹಿಡಿದು ತೆವಳಿಕೊಂಡು ಹೋದೆ. ಚಾವಣಿಯಲ್ಲಿ ಏನಿತ್ತು ಗೊತ್ತೆ?”

“ಕೊಕ್ಕರೆ?”

“ಕೊಕ್ಕರೆ!”

“ಮಿಠಾಯಿ ಅಂಗಡಿ ಅಂದಿದ್ರಲ್ಲ ನೀವು.”

“ಪರೀಕ್ಷೆ, ಅಮ್ಮಾವ್ರೇ. ನಿಮ್ಮ ಅಭಿರುಚಿ ನನ್ನನ್ನ ಎದುರಿಸಿ ನಿಲ್ಲುತ್ತೋ ಇಲ್ವೋ ಅಂತ ಒಂದು ಸಣ್ಣ ಪರೀಕ್ಷೆ.”

“ಹಾಗಾದ್ರೆ ಕೆಡವೋದಿಲ್ವಾ? ಧೂಳಿಲ್ವಾ?” ಎಂದು ಸರ್ ಮಾರ್ಮಡ್ಯೂಕ್ ಸಂತೋಷದಿಂದ ನಾಯಿಯ ಬೆನ್ನು ತಟ್ಟಿದರು. ಮಾತು ಅಲ್ಲಿಗೆ ಮುಗಿಯಿತು. ಹಸಿರು ಮಾತ್ರ ಉಳಿಯಿತು: ಕೆಳಗೆ ಹಸಿರಿದೆಯೆಂದ ಮೇಲೆ ಮೇಲಿನ ಬಿಳಿ ನೆಲಕ್ಕೂ ಹಸಿರು ಬಳಿಯಬೇಕೆಂದು ತೀರ್ಮಾನವಾಯಿತು. ಅದು ನನ್ನ ಕುಂಚದ ಸಣ್ಣ ಕಾಣಿಕೆ.

“ನನ್ನ ಹಕ್ಕಿಗಳೆಲ್ಲ ಬಟಾಣಿ ಗಂಜಿಯಲ್ಲಿ ಕೂತ್ಕೋಬೇಕಾ?” ಎಂದ ಮಾವ. ದಾಳಿಂಬೆ ಬಿದ್ದ ಮೇಲೆ ಅವನು ಆಡಿದ ಮೊದಲ ಮಾತು. ನನಗೆ ಜೀವ ಬಂದಂತಾಯಿತು.

ಆಗ ಲೇಡಿ ಥಾರ್ನ್‌ಬಿ ಬೀಸಣಿಗೆಯಿಂದ ಮೂಲೆಗೆ ತೋರಿಸಿದರು. “ಗಂಬಳಿಯಲ್ಲಿ ಇಲ್ಲೊಂದು ದಾಳಿಂಬೆ ಇದೆ. ಮೇಲೆ ಇಲ್ಲ.”

“ಕ್ಲೆಗ್, ಇವತ್ತೇ ಹಾಕು,” ಎಂದರು ಫೇರ್‌ಬ್ರೇಸ್. ಅವರ ಕಣ್ಣಿನಲ್ಲಿ ಸೇಡಿನ ಹೊಳಪಿತ್ತು. ನನ್ನ ಇನ್ನೂರು ಅಚ್ಚುಗಳಲ್ಲಿ ದಾಳಿಂಬೆಯದಿಲ್ಲ ಎಂದು ಅವರಿಗೆ ಗೊತ್ತು.

ಹತ್ತಿದೆ. ಗಾರೆ ಮೆತ್ತಿದೆ. ನನ್ನ ಕೈಗೆ ಬಾರದ ಕೆಲಸ ಜಗತ್ತಿನಲ್ಲಿಲ್ಲ. ಆ ದಿನ ಹೊಟ್ಟೆನೋವಿನ ನಟನೆಯಿಂದ ಬೆರಳು ದಣಿದಿದ್ದವು, ಅಷ್ಟೆ. ಮೊದಲನೆಯದು ಆಲೂಗಡ್ಡೆಯಾಯಿತು. ಎರಡನೆಯದು ಸರ್ ಮಾರ್ಮಡ್ಯೂಕರ ಮೂಗನ್ನು ಹೋಲಿತು. ಮೂರನೆಯದು ಯಾವುದನ್ನೂ ಹೋಲುವ ಮುಂಚೆ ನನ್ನ ಮುಖದ ಮೇಲೆ ಬಿತ್ತು.

ಎಲ್ಲರೂ ಮಾವನ ಕಡೆ ತಿರುಗಿದರು. ಅವನು ಕುರ್ಚಿಯಿಂದ ಅಲುಗಲಿಲ್ಲ.

“ಮಾಡ್ತೀನಿ. ಆದ್ರೆ ಆ ಸ್ವಾಮಿಗಳು ಮೊದಲು ಮೇಲೆ ಬರ್ಬೇಕು.”

“ನಾನಾ? ಯಾಕೆ?” ಫೇರ್‌ಬ್ರೇಸ್ ಬೆಚ್ಚಿದರು.

“ಕೆಡವು ಅಂದೋರು ತಾವು. ಇಟ್ಕೋ ಅಂದೋರೂ ತಾವೇ. ಒಂದು ಸಲ ನೋಡ್ಬಿಡಿ. ನೋಡಿದ್ಮೇಲೆ ಏನಾದ್ರೂ ಅಂದ್ಕೊಳ್ಳಿ, ನಾನು ಕೇಳಲ್ಲ.”

ಲೇಡಿಯವರು ನೋಡುತ್ತಿದ್ದರು. ಬೇರೆ ದಾರಿಯಿರಲಿಲ್ಲ. ಮಾವ ಮುಂದೆ ಹತ್ತಿದ, ಹಿಂದೆ ಫೇರ್‌ಬ್ರೇಸ್ ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ರೋಮಿನ ದೇವರನ್ನು ಕರೆಯುತ್ತ ಹತ್ತಿದರು. ದೇವರುಗಳು ಮುಗಿದ ಮೇಲೆ ಚಕ್ರವರ್ತಿಗಳನ್ನು ಕರೆದರು. ಮೇಲೆ ಬಂದು ಕಣ್ಣು ಬಿಟ್ಟಾಗ ಕೊಕ್ಕರೆಯ ರೆಕ್ಕೆ ಅವರ ಮೂಗಿಗೆ ಒಂದು ಗೇಣಿನಲ್ಲಿತ್ತು. ಪ್ರತಿ ಗರಿಯ ಮೇಲೂ ಮಾವನ ಹೆಬ್ಬೆರಳಿನ ಗೆರೆಗಳು ಹಾಗೇ ಉಳಿದಿದ್ದವು, ನಲವತ್ತು ವರ್ಷದ ಮೇಲೂ. ಅಚ್ಚಿನಲ್ಲಿ ಆ ಗೆರೆ ಬರುವುದಿಲ್ಲ. ಅವರು ಬಹಳ ಹೊತ್ತು ನೋಡಿದರು. ನಾನು ರೋಮಿಗಾಗಿ ಕಾದೆ. ರೋಮು ಬರಲೇ ಇಲ್ಲ.

“ಇದನ್ನ ಹಸಿ ಇರುವಾಗ್ಲೇ ಮಾಡಿದ್ದಾ?” ಎಂದರು ಕೊನೆಗೆ, ಮೆಲ್ಲಗೆ.

“ಒಣಗಿದ ಮೇಲೆ ಯಾರಿಗೆ ಬರುತ್ತೆ, ಸ್ವಾಮಿ?” ಎಂದ ಮಾವ.

ಫೇರ್‌ಬ್ರೇಸ್ ಇಳಿಯುವಾಗ ಹಸಿರು ಬಣ್ಣ ಆದಷ್ಟು ತೆಳುವಾಗಿರಲಿ ಎಂದು ನನಗೆ ಹೇಳಿದರು. ಅವರಿಂದ ಅಷ್ಟು ಬಂದದ್ದೇ ದೊಡ್ಡದು.

ಮಾವ ಕೋಟು ಬಿಚ್ಚಿ, ಜೇಬಿನ ಚೂರುಗಳನ್ನು ಹಲಗೆಯ ಮೇಲೆ ಜೋಡಿಸಿ ಒಮ್ಮೆ ನೋಡಿಕೊಂಡ. ಆಮೇಲೆ ಅವುಗಳ ಕಡೆ ತಿರುಗಲೂ ಇಲ್ಲ. ಗಾರೆ ಮೇಲೇರಿತು. ಎರಡು ಬೆರಳು ಅದರಲ್ಲಿ ಬಿರುಕು ಬಿಡಿಸಿದವು, ಕಿರುಬೆರಳ ತುದಿ ಕಾಳುಗಳನ್ನು ಒಂದೊಂದಾಗಿ ಒತ್ತಿತು. ನಾನು ಒಂದು ಸಿಂಹವನ್ನು ಅಚ್ಚಿನಿಂದ ಬಿಡಿಸುವಷ್ಟರಲ್ಲಿ ಅಲ್ಲಿ ಒಂದು ದಾಳಿಂಬೆ ಒಡೆದು ನಿಂತಿತ್ತು. ಅಡುಗೆಯಾಳು ಕೆಳಗೆ ಬಟ್ಟಲು ಹಿಡಿದು ನಿಂತಳು ಎಂದು ನಾನು ಎಲ್ಲ ಕಡೆ ಹೇಳುತ್ತೇನೆ. ಅವಳು ಇಲ್ಲವೆನ್ನುತ್ತಾಳೆ.

“ಅಳಿಯ, ಇಲ್ಲಿ ಬಾ. ಹಿಂದೆ ಒಂದು ಎಲೆ ಬೇಕು. ನೀನೇ ಬೀಳಿಸಿದ್ದು, ನೀನೇ ಮಾಡು.”

“ನೀವೇ ಮಾಡ್ಬಿಡಿ ಮಾವ, ಚೆನ್ನಾಗಿರುತ್ತೆ.”

“ಚೆನ್ನಾಗಿರುತ್ತೆ ಅಂತ ನನಗ್ಗೊತ್ತಿಲ್ವಾ? ಹೆಬ್ಬೆರಳು ಇಲ್ಲಿಡು. ಒತ್ತು. ಇದು ಬೆಣ್ಣೆ ಅಲ್ಲ ಕಣೋ, ಹೆದರ್ಬೇಡ. ಈಗ ಹೊರಳಿಸು. ಹಾಂ… ಅಯ್ಯೋ, ಎತ್ತಬೇಡ, ಬಿಡು, ಹಾಗೇ ಬಿಡು.”

ಹಾಗೇ ಬಿಟ್ಟೆ. ನೀವು ಸ್ಕೆಲ್ವಿಕ್ ಹಾಲಿಗೆ ಹೋದರೆ ದೊಡ್ಡ ಕೋಣೆಯ ಪಶ್ಚಿಮದ ಮೂಲೆಯಲ್ಲಿ ತಲೆ ಎತ್ತಿ ನೋಡಿ. ದಾಳಿಂಬೆಯ ಹಿಂದೆ ಒಂದು ಎಲೆಯಿದೆ. ಹಸುವಿನ ಕಿವಿಯಂತಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಗಂಬಳಿಯ ಎಲೆಗೂ ಅದಕ್ಕೂ ಹೋಲಿಕೆಯಿಲ್ಲ ಎಂದು ಲೇಡಿ ಥಾರ್ನ್‌ಬಿ ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಅಂಥ ಎಲೆ ಇನ್ನೊಂದಿಲ್ಲ. ಅದು ನನ್ನದು.